ಹಳೇ ಸಿನಿಮಾ ಶೂಟಿಂಗ್ ಜಾಗ ಹುಡುಕಿ ಹೋಗುವುದು ಹೇಗೆ? ಮನೆಯಿಂದ ಬಂಡೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

"ಚಿತ್ರದುರ್ಗಕ್ಕೆ ಹೋದ್ವಿ, ಕೋಟೆಯೆಲ್ಲಾ ಸುತ್ತಿದ್ವಿ, ಸಿನಿಮಾದಲ್ಲಿ ನೋಡಿದ ಜಾಗ ಮಾತ್ರ ಸಿಗಲೇ ಇಲ್ಲ." ಈ ಮಾತನ್ನು ಎಷ್ಟು ಜನರಿಂದ ಕೇಳಿದ್ದೇನೋ ಲೆಕ್ಕವಿಲ್ಲ. ರಾಮನಗರಕ್ಕೆ ಹೋದವರೂ ಹೀಗೇ ಹೇಳುತ್ತಾರೆ, ಆಗುಂಬೆಗೆ ಹೋದವರೂ ಹೀಗೇ ಹೇಳುತ್ತಾರೆ. ವಿಚಾರಿಸಿದರೆ ಎಲ್ಲರೂ ಎಡವಿರುವುದು ಒಂದೇ ಕಡೆ. ಮೊದಲು ಊರಿಗೆ ಹೋಗಿ, ಆಮೇಲೆ ಜಾಗ ಹುಡುಕಲು ಶುರು ಮಾಡಿರುತ್ತಾರೆ.

ಕೆಲಸ ಇದಕ್ಕೆ ಉಲ್ಟಾ ಆಗಬೇಕು. ಮುಕ್ಕಾಲು ಪಾಲು ಹುಡುಕಾಟ ಮನೆಯಲ್ಲೇ ಮುಗಿಯಬೇಕು. ಊರಿಗೆ ಹೋಗುವುದು ಕೊನೆಯ ಕಾಲು ಪಾಲಿಗೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಬಿಟ್ಟು ಮುಂದಕ್ಕೆ ಹಾರಿದರೆ, ಬಿಟ್ಟದ್ದರ ಬೆಲೆಯನ್ನು ಬಿಸಿಲಲ್ಲಿ ನಿಂತು ಕಟ್ಟಬೇಕಾಗುತ್ತದೆ.

ಹಂತ 1: ಸಿನಿಮಾ ಅಲ್ಲ, ಒಂದು ದೃಶ್ಯ ಆರಿಸಿ

"ಶೋಲೆ ಜಾಗ ನೋಡಬೇಕು" ಎಂದು ಹೊರಟರೆ ಏನೂ ಸಿಗುವುದಿಲ್ಲ. ಒಂದು ಸಿನಿಮಾ ಒಂದೇ ಊರಲ್ಲಿ ಆಗಿರುವುದು ಕಡಿಮೆ. 1975ರ ಶೋಲೆಯ ಬಂಡೆಗಳು, ಊರು ಎಲ್ಲ ರಾಮನಗರದವು ನಿಜ. ಆದರೆ ಅದರ ರೈಲು ದರೋಡೆ ತೆಗೆದದ್ದು ಮುಂಬೈ–ಪುಣೆ ರೈಲು ದಾರಿಯಲ್ಲಿ, ಪನ್ವೇಲ್ ಹತ್ತಿರ. ರಾಮನಗರದಲ್ಲಿ ಆ ಹಳಿ ಹುಡುಕಿದವರನ್ನು ನಾನೇ ನೋಡಿದ್ದೇನೆ. ರಾಮನಗರದಲ್ಲೂ ರೈಲು ಹೋಗುತ್ತದಲ್ಲ, ಹಾಗಾಗಿ ಇಲ್ಲೇ ಇರಬೇಕು ಅಂದುಕೊಂಡಿದ್ದರು.

ಹಾಗಾಗಿ ಒಂದು ದಿನಕ್ಕೆ ಒಂದು ದೃಶ್ಯ, ಹೆಚ್ಚೆಂದರೆ ಎರಡು. ಆ ದೃಶ್ಯದಲ್ಲಿ ಹಿನ್ನೆಲೆ ಚೆನ್ನಾಗಿ ಕಾಣುವ ನಾಲ್ಕೈದು ಫ್ರೇಮ್, ಅಂದರೆ ಸಿನಿಮಾ ನಿಲ್ಲಿಸಿ ಹಿಡಿದ ಚಿತ್ರ, ಸಾಕು. ನಾಯಕನ ಮುಖ ತುಂಬಿಕೊಂಡ ಫ್ರೇಮ್ ನಿಮಗೆ ಉಪಯೋಗವಿಲ್ಲ. ಬೆಟ್ಟದ ಅಂಚು, ಕಲ್ಲಿನ ಆಕಾರ, ಕಂಬ, ಗೋಪುರ, ಮೆಟ್ಟಿಲ ತಿರುವು ಇವು ಕಾಣಬೇಕು.

ಹಂತ 2: ಒಳ್ಳೇ ಪ್ರತಿಯಿಂದ ಫ್ರೇಮ್ ತೆಗೆಯಿರಿ

ಜಾಸ್ತಿ ಜನ ಎಡವುವುದು ಇಲ್ಲೇ. ಅದು ಅವರಿಗೆ ಗೊತ್ತೂ ಆಗುವುದಿಲ್ಲ.

ಯೂಟ್ಯೂಬ್‌ನಲ್ಲಿ ಹಾಡಿನ ತುಣುಕು ನೋಡುತ್ತೀರಿ. ಯಾರ‍್ಯಾರೋ ಹಾಕಿದ ಇಂಥ ಎಷ್ಟೋ ತುಣುಕುಗಳು ಎಡ-ಬಲ ತಿರುಗಿರುತ್ತವೆ. ಕಾಪಿರೈಟ್ ತಪಾಸಣೆಗೆ ಸಿಕ್ಕಿಬೀಳಬಾರದು ಎಂದು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಹಾಕುತ್ತಾರೆ. ಹಾಡು ಕೇಳುವವರಿಗೆ ಏನೂ ವ್ಯತ್ಯಾಸವಿಲ್ಲ. ಜಾಗ ಹುಡುಕುವವರಿಗೆ ಅದು ಪೂರ್ತಿ ಬೇರೆ ಊರು. ಚಿತ್ರದುರ್ಗದ ಕೋಟೆಯಲ್ಲಿ ನಾನು ಒಂದಿಡೀ ದಿನ ಹೀಗೇ ಕಳೆದೆ. ಎಡಕ್ಕೆ ಇಳಿಜಾರು, ಬಲಕ್ಕೆ ದೊಡ್ಡ ಬಂಡೆ, ನಡುವೆ ದೂರದ ಬುರುಜು. ಎಲ್ಲಿ ನಿಂತರೂ ಆ ಮೂರೂ ಒಟ್ಟಿಗೆ ಕೂಡುತ್ತಿರಲಿಲ್ಲ. ಸಂಜೆ ಬಸ್‌ಸ್ಟ್ಯಾಂಡ್‌ನಲ್ಲಿ ಟೀ ಕುಡಿಯುತ್ತಾ ಫೋನಿನಲ್ಲಿ ಅದೇ ಫ್ರೇಮ್ ಮತ್ತೆ ನೋಡಿದೆ. ನಾಯಕಿಯ ಸೆರಗು ಬಲ ಹೆಗಲ ಮೇಲಿತ್ತು! ಅಲ್ಲೇ ಕೂತು ಚಿತ್ರವನ್ನು ತಿರುವಿ ನೋಡಿದಾಗ, ಬೆಳಗ್ಗೆ ಎರಡು ಸಲ ದಾಟಿ ಹೋಗಿದ್ದ ತಿರುವೇ ಕಣ್ಣಿಗೆ ಬಿತ್ತು. ಅಷ್ಟು ಹೊತ್ತಿಗೆ ಕೋಟೆಯ ಬಾಗಿಲು ಹಾಕಿತ್ತು.

ತಿರುಗಿದೆಯಾ ಎಂದು ನೋಡುವುದು ಸುಲಭ. ಸೆರಗು ಎಡ ಹೆಗಲ ಮೇಲೆ ಇದೆಯಾ? ಗಂಡಸರ ಅಂಗಿಯಲ್ಲಿ ಎಡಪಟ್ಟಿ ಬಲಪಟ್ಟಿಯ ಮೇಲೆ ಬಂದಿದೆಯಾ? ಬೋರ್ಡಿನ ಅಕ್ಷರ ನೇರವಾಗಿದೆಯಾ? ಕಾರಿನ ಸ್ಟೀರಿಂಗ್ ಬಲಕ್ಕಿದೆಯಾ? ಇವುಗಳಲ್ಲಿ ಎರಡು ಸರಿ ಇದ್ದರೆ ಚಿತ್ರ ಸರಿ ಇದೆ.

ಎರಡನೆಯ ತೊಂದರೆ ಕತ್ತರಿಸಿದ ಚಿತ್ರ. ಶೋಲೆಯನ್ನು 35 ಎಂಎಂನಲ್ಲಿ ತೆಗೆದು, ಆಮೇಲೆ 70 ಎಂಎಂಗೆ ಹಿಗ್ಗಿಸಿದರು. ಆ ಅಗಲಕ್ಕೆ ಹೊಂದಿಸುವಾಗ ಚಿತ್ರದ ಮೇಲಿನ, ಕೆಳಗಿನ ಭಾಗ ಹೋಯಿತು. ನಾಗರಹಾವು 1972ರದ್ದು, 2018ರಲ್ಲಿ ಸಿನಿಮಾಸ್ಕೋಪ್ ಮಾಡಿ ಮತ್ತೆ ಬಿಡುಗಡೆ ಮಾಡಿದರು. ಹಳೇ ಚೌಕಾಕಾರದ ಚಿತ್ರವನ್ನು ಅಗಲ ಮಾಡಬೇಕಾದರೆ ಮೇಲೆ-ಕೆಳಗೆ ಕತ್ತರಿಸಲೇಬೇಕು. ನಮಗೆ ಬೇಕಾದ ಬೆಟ್ಟದ ತುದಿಯೇ ಅದರಲ್ಲಿ ಹೋಗಿರಬಹುದು. ಟಿವಿಯಲ್ಲಿ ಬರುತ್ತಿದ್ದ ಹಳೇ ಚೌಕದ ಪ್ರತಿ ನೋಡಲು ಮಸುಕಾಗಿದ್ದರೂ ಈ ಕೆಲಸಕ್ಕೆ ಅದೇ ಒಳ್ಳೆಯದು. ಎರಡೂ ಸಿಕ್ಕರೆ ಎರಡನ್ನೂ ಇಟ್ಟುಕೊಳ್ಳಿ. ಹೊಸದರಲ್ಲಿ ಕಲ್ಲಿನ ಬಿರುಕು ಕಾಣುತ್ತದೆ, ಹಳೆಯದರಲ್ಲಿ ಆಕಾಶ ಕಾಣುತ್ತದೆ.

ಹಂತ 3: ಅದು ನಿಜವಾದ ಜಾಗವಾ, ಸೆಟ್ಟಾ?

ಇಲ್ಲದ ಜಾಗವನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ ಅಲ್ವಾ? ಆದ್ದರಿಂದ ಇದನ್ನು ಹೊರಡುವ ಮೊದಲೇ ತೀರ್ಮಾನಿಸಿ.

ಹಳೇ ಕನ್ನಡ ಸಿನಿಮಾಗಳ ಮನೆಯೊಳಗಿನ ದೃಶ್ಯಗಳು ಬಹಳಷ್ಟು ಮದ್ರಾಸಿನ ಸ್ಟುಡಿಯೋಗಳಲ್ಲಿ, ಇಲ್ಲವೇ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಆದವು. ಹೊರಗೆ ನಿಜವಾದ ಬೀದಿ, ಬಾಗಿಲು ದಾಟಿದರೆ ಸೆಟ್. ಒಂದೇ ದೃಶ್ಯದಲ್ಲಿ ಎರಡು ಊರು ಸೇರಿರುತ್ತವೆ. ಬಾಗಿಲಿನ ಒಳಗಿಂದ ಹೊರಗೆ ನೋಡುವ ಶಾಟ್‌ನಲ್ಲಿ ಬೆಳಕು ತಟ್ಟನೆ ಬದಲಾದರೆ, ಒಬ್ಬರಿಗೇ ಎರಡು ಮೂರು ನೆರಳು ಬಿದ್ದರೆ, ಗಿಡದ ಎಲೆ ಒಂದೂ ಅಲುಗದಿದ್ದರೆ ಅದು ಸ್ಟುಡಿಯೋ.

ಬಯಲಿನಲ್ಲಿ ಹಾಕಿದ ಸೆಟ್ ಗುರುತಿಸುವುದು ಇನ್ನೂ ಕಷ್ಟ. ಶೋಲೆಯ ರಾಮಗಢ ಊರನ್ನು ಕಲಾ ನಿರ್ದೇಶಕ ರಾಮ್ ಯಡೇಕರ್ ರಾಮನಗರದ ಬಂಡೆಗಳ ಬುಡದಲ್ಲಿ ಕಟ್ಟಿಸಿದ್ದರು. ಶೂಟಿಂಗ್ ಮುಗಿದ ಮೇಲೆ ಅದು ಹೋಯಿತು. ಠಾಕೂರರ ಮನೆ, ನೀರಿನ ಟ್ಯಾಂಕು ಎಂದು ತಿರುಗಬೇಡಿ. ಅಲ್ಲಿ ಉಳಿದಿರುವುದು ಬಂಡೆ, ಬೆಟ್ಟದ ಅಂಚು, ಆಕಾಶ. ಅವನ್ನೇ ಹಿಡಿಯಿರಿ. ಇಂಗ್ಲಿಷ್ ನಿರ್ದೇಶಕ ಡೇವಿಡ್ ಲೀನ್ 1984ರ ಎ ಪ್ಯಾಸೇಜ್ ಟು ಇಂಡಿಯಾ ಸಿನಿಮಾಕ್ಕಾಗಿ ಸಾವನದುರ್ಗ ಮತ್ತು ರಾಮದೇವರ ಬೆಟ್ಟದಲ್ಲಿ ಶೂಟಿಂಗ್ ಮಾಡಿದಾಗ, ಗುಹೆಯ ಬಾಯಿಗಳನ್ನು ಸಿನಿಮಾದವರೇ ಬಂಡೆಯಲ್ಲಿ ಕೊರೆಸಿದ್ದರು. ಒಳಗೆ ಉದ್ದದ ಗುಹೆ ಇದೆ ಎಂದು ಹುಡುಕಿದವರು ಬರಿಗೈಲಿ ಬರುತ್ತಾರೆ.

ಮಾಲ್ಗುಡಿ ಡೇಸ್ ಧಾರಾವಾಹಿಯಲ್ಲಿ ಪೇಟೆಯ ನಡುವೆ ಕುದುರೆಯ ಮೇಲೆ ಕೂತ ಬಿಳಿಯನ ಪ್ರತಿಮೆ ಇದೆಯಲ್ಲ, ಅದೂ ಶೂಟಿಂಗ್‌ಗೆಂದೇ ಮಾಡಿದ್ದು. ಧಾರಾವಾಹಿ ತೆಗೆದ ಆಗುಂಬೆಯಲ್ಲಿ ಅದನ್ನು ಗುರುತಾಗಿ ಇಟ್ಟುಕೊಳ್ಳಬೇಡಿ. ಅದರ ಹಿಂದೆ ಕಾಣುವ ಮನೆಗಳ ಸಾಲು, ಹೆಂಚಿನ ಮಾಡಿನ ಇಳಿಜಾರು ನೋಡಿ.

ಇನ್ನೊಂದು ಮಾತು. ಹಳೇ ಸಿನಿಮಾದ ರಾತ್ರಿ ಎಷ್ಟೋ ಸಲ ಹಗಲೇ ಆಗಿರುತ್ತದೆ. ಚಿತ್ರ ನೀಲಿಯಾಗಿ ಮಂಕಾಗಿದ್ದು, ನೆಲದ ಮೇಲೆ ಮಾತ್ರ ಗಟ್ಟಿ ನೆರಳಿದ್ದರೆ ಅದು ಬಿಸಿಲಲ್ಲಿ ತೆಗೆದದ್ದು. ಆ ಜಾಗ ನೋಡಲು ರಾತ್ರಿ ಹೋಗಬೇಕಿಲ್ಲ.

ಹಂತ 4: ಊರು ಪತ್ತೆ ಮಾಡಿ, ಎರಡು ಕಡೆಯಿಂದ ಖಚಿತ ಮಾಡಿಕೊಳ್ಳಿ

ಸಿನಿಮಾದ ಶುರುವಿನಲ್ಲಿ ಬರುವ ಹೆಸರುಗಳ ಪಟ್ಟಿಯನ್ನು ಓಡಿಸಬೇಡಿ, ನಿಲ್ಲಿಸಿ ಓದಿ. "ಕೃತಜ್ಞತೆಗಳು" ಎಂದು ಬರುವ ಕಡೆ ಊರಿನ ಮಹಾಜನರು, ಎಸ್ಟೇಟಿನ ಮಾಲೀಕರು, ಅರಣ್ಯ ಇಲಾಖೆ, ಯಾವುದೋ ಮಠ ಎಂದೆಲ್ಲ ಇರುತ್ತದೆ. ಅರ್ಧ ಉತ್ತರ ಅಲ್ಲೇ ಇದೆ. ಆಮೇಲೆ ಕಲಾವಿದರ, ತಂತ್ರಜ್ಞರ ಸಂದರ್ಶನಗಳು, ಹಳೇ ಸಿನಿಮಾ ಪತ್ರಿಕೆಗಳು.

ಅಂತರ್ಜಾಲದಲ್ಲಿ ಹತ್ತು ಕಡೆ ಒಂದೇ ಊರಿನ ಹೆಸರು ಇದ್ದರೆ ಅದು ಹತ್ತು ಸಾಕ್ಷಿ ಅಲ್ಲ. ಒಬ್ಬರು ಬರೆದದ್ದನ್ನು ಒಂಬತ್ತು ಜನ ನಕಲು ಮಾಡಿರಬಹುದು. ವಾಕ್ಯಗಳು ಒಂದೇ ಥರ ಇದ್ದರೆ ಅದನ್ನು ಒಂದೇ ಸಾಕ್ಷಿ ಎಂದು ಲೆಕ್ಕ ಹಾಕಿ.

ಎರಡನೆಯ ಸಾಕ್ಷಿಯನ್ನು ಚಿತ್ರದೊಳಗಿಂದಲೇ ತೆಗೆಯಬೇಕು. ಅಡಿಕೆ ತೋಟವಾ, ತೆಂಗಾ, ಜಾಲಿಯಾ? ಮನೆಗೆ ಹೆಂಚಿನ ಮಾಡಾ, ಮಣ್ಣಿನ ಮಾಳಿಗೆಯಾ? ವಾಹನದ ನಂಬರ್ ಇನ್ನೂ ಒಳ್ಳೇ ಸುಳಿವು. ಕೆಎ ಎಂಬ ನಂಬರ್ ಬರುವ ಮೊದಲು ನಮ್ಮ ವಾಹನಗಳ ನಂಬರ್ ಎಂವೈ, ಸಿಎ ಎಂದೆಲ್ಲ ಶುರುವಾಗುತ್ತಿತ್ತು. ಎಂಎಸ್ ಎಂದಿದ್ದರೆ ಮದ್ರಾಸು. ಮಲೆನಾಡು ಎಂದುಕೊಂಡ ದೃಶ್ಯದಲ್ಲಿ ಸುಮ್ನೆ ಹಿಂದೆ ಹೋಗುವ ಲಾರಿಗೆ ಎಂಎಸ್ ನಂಬರ್ ಇದ್ದರೆ ಒಮ್ಮೆ ಯೋಚಿಸಿ.

ಕಪ್ಪು-ಬಿಳುಪು ಚಿತ್ರದಲ್ಲಿ ಮಣ್ಣಿನ ಬಣ್ಣ ಗೊತ್ತಾಗುವುದಿಲ್ಲ. 1970ರ ಸಂಸ್ಕಾರ ಚಿತ್ರೀಕರಣವಾದದ್ದು ಚಿಕ್ಕಮಗಳೂರು ಜಿಲ್ಲೆಯ ವೈಕುಂಠಪುರದಲ್ಲಿ. ಅಂಥ ಚಿತ್ರದಲ್ಲಿ ನಿಮಗೆ ಆಸರೆ ಆಕಾರ ಮಾತ್ರ: ಮಾಡಿನ ಇಳಿಜಾರು, ಜಗಲಿಯ ಎತ್ತರ, ಹೊಳೆಯ ದಡದ ಬಾಗು. ಹಾಗೇ ಒಂದೇ ಹೆಸರಿನ ಹಳ್ಳಿಗಳು ನಮ್ಮಲ್ಲಿ ಬೇಕಾದಷ್ಟಿವೆ. ತಾಲ್ಲೂಕು ಯಾವುದು ಎಂದು ಖಚಿತ ಆಗುವವರೆಗೆ ಬಸ್ ಟಿಕೆಟ್ ತೆಗೆಸಬೇಡಿ.

ಹಂತ 5: ಉಪಗ್ರಹ ನಕ್ಷೆಯಲ್ಲಿ ಮೊದಲೇ ನಿಂತು ನೋಡಿ

ಗೂಗಲ್ ಅರ್ಥ್ ತೆರೆಯಿರಿ. ಊರು ಹುಡುಕಿ, ನೋಟವನ್ನು ನೆಲದ ಹತ್ತಿರಕ್ಕೆ ಇಳಿಸಿ, ಬೆಟ್ಟದ ಅಂಚು ಕಾಣುವಂತೆ ಓರೆ ಮಾಡಿ. ಫ್ರೇಮಿನಲ್ಲಿ ಕಾಣುವ ದೂರದ ಗುಡ್ಡದ ಗೆರೆ ಯಾವ ದಿಕ್ಕಿನಿಂದ ಹಾಗೆ ಕಾಣುತ್ತದೆ ಎಂದು ಸುತ್ತಿ ನೋಡಿ. ಸಣ್ಣ ಬಂಡೆಗಳು ಇದರಲ್ಲಿ ಸರಿಯಾಗಿ ಕಾಣುವುದಿಲ್ಲ, ದೊಡ್ಡ ಬೆಟ್ಟದ ಗೆರೆ ಚೆನ್ನಾಗಿಯೇ ಕಾಣುತ್ತದೆ. ಹೊಂದುವ ಮೂರು ಜಾಗಗಳಿಗೆ ಗುರುತು ಹಾಕಿ. ಒಂದೇ ಗುರುತು ಹಾಕಿದರೆ ಅಲ್ಲಿಗೆ ಹೋದ ಮೇಲೆ ಅದನ್ನೇ ನಿಜ ಮಾಡಲು ಮನಸ್ಸು ಹಟ ಹಿಡಿಯುತ್ತದೆ.

ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಆಗುಂಬೆ, ಶೃಂಗೇರಿ ಕಡೆ ನೆಟ್‌ವರ್ಕ್ ನಂಬಿ ಹೋಗುವಂತಿಲ್ಲ.

ಹಂತ 6: ಋತು ಮತ್ತು ಹೊತ್ತು ಹೊಂದಿಸಿ

ಫ್ರೇಮಿನಲ್ಲಿ ಹುಲ್ಲು ಹಸಿರಾಗಿದ್ದು ನೀವು ಏಪ್ರಿಲ್‌ನಲ್ಲಿ ಹೋದರೆ, ಅದೇ ಜಾಗದಲ್ಲಿ ನಿಂತರೂ ಗುರುತು ಸಿಗುವುದಿಲ್ಲ. ಬೇಸಿಗೆಯಲ್ಲಿ ತೆಗೆದ ದೃಶ್ಯಕ್ಕೆ ಮಳೆಗಾಲದಲ್ಲಿ ಹೋದರೆ ಲಂಟಾನ ಪೊದೆ ಬೆಳೆದು ಕಲ್ಲೇ ಮುಚ್ಚಿಹೋಗಿರುತ್ತದೆ. ಬಂಡೆಯ ಜಾಗಗಳಿಗೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಆದರೆ ಚಿತ್ರದುರ್ಗಕ್ಕೆ ಡಿಸೆಂಬರ್‌ನಲ್ಲಿ ಹೋಗುವುದಾದರೆ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಒಳಗಿರಿ. ಅದು ಶಾಲಾ ಪ್ರವಾಸದ ಕಾಲ. ಹತ್ತು ಗಂಟೆಯ ಮೇಲೆ ಓಬವ್ವನ ಕಿಂಡಿಯ ಮುಂದೆ ಮಕ್ಕಳ ಸಾಲು ಶುರುವಾಗುತ್ತದೆ. ಒಬ್ಬೊಬ್ಬರೇ ತೂರಿ ಬರುವಷ್ಟು ಕಿರಿದಾದ ಸಂದು ಅದು. ಅಲ್ಲಿ ನಿಂತು ಫ್ರೇಮ್ ಹೊಂದಿಸಲು ಆಗುವುದಿಲ್ಲ, ಮಕ್ಕಳಿಗೆ ಅಡ್ಡಿ ಮಾಡುವುದೂ ಸರಿಯಲ್ಲ.

ಹೊತ್ತು ತಿಳಿಯಲು ನೆರಳು ನೋಡಿ. ನೆರಳು ಯಾವ ಕಡೆ ಬಿದ್ದಿದೆ, ಎಷ್ಟು ಉದ್ದವಿದೆ? ಹಂತ 5ರಲ್ಲಿ ಕ್ಯಾಮೆರಾ ಯಾವ ದಿಕ್ಕಿಗೆ ನೋಡುತ್ತಿತ್ತು ಎಂದು ಅಂದಾಜು ಸಿಕ್ಕಿದೆ. ಎರಡನ್ನೂ ಸೇರಿಸಿದರೆ ಬೆಳಗ್ಗೆಯೋ ಸಂಜೆಯೋ ಗೊತ್ತಾಗುತ್ತದೆ. ಅದೇ ಹೊತ್ತಿಗೆ ಅಲ್ಲಿದ್ದರೆ ಕಲ್ಲಿನ ಗೀರು, ಹಳ್ಳ ಎಲ್ಲ ಚಿತ್ರದಲ್ಲಿ ಕಂಡ ಹಾಗೇ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಎಲ್ಲ ಬಂಡೆಯೂ ಒಂದೇ ಥರ.

ಜೋಗದ ಲೆಕ್ಕ ಬೇರೆ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇರುವುದರಿಂದ ತಿಂಗಳು ನೋಡಿ ಹೋದರೆ ಸಾಲದು. ಮಳೆ ಹೇಗಿದೆ, ನೀರು ಹರಿಯುತ್ತಿದೆಯಾ ಎಂದು ಹಿಂದಿನ ದಿನ ವಿಚಾರಿಸಿ ಹೊರಡಿ.

ಹಂತ 7: ಜಾಗ ಯಾರದು ಎಂದು ತಿಳಿದು ಅನುಮತಿ ಕೇಳಿ

ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯದ್ದು. ಟಿಕೆಟ್ ತೆಗೆದುಕೊಂಡು ಫೋನಿನಲ್ಲಿ ಫೋಟೋ ತೆಗೆಯಬಹುದು. ಟ್ರೈಪಾಡ್ ಇಟ್ಟು ನಿಂತರೆ ಅನುಮತಿ ಪತ್ರ ಕೇಳುತ್ತಾರೆ. ಡ್ರೋನ್ ತರಲೇಬೇಡಿ.

ಶೋಲೆಯ ಬಂಡೆಗಳಿರುವ ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ವನ್ಯಧಾಮ. ಅರಣ್ಯ ಇಲಾಖೆಯ ಗೇಟು ದಾಟಿಯೇ ಹೋಗಬೇಕು. ಮೆಟ್ಟಿಲು ಹತ್ತಿ ದೇವಸ್ಥಾನದ ತನಕ ಹೋಗುವ ದಾರಿ ಬಿಟ್ಟು ಬಂಡೆಗಳ ಕಡೆ ನುಗ್ಗುವಂತಿಲ್ಲ. "ಡಾಕು ಕೂತ ಕಲ್ಲು ಅಲ್ಲಿದೆ, ಒಂದೇ ನಿಮಿಷ" ಎಂದು ಬೇಲಿ ಹಾರುವವರಿದ್ದಾರೆ. ಹದ್ದುಗಳು ಗೂಡು ಕಟ್ಟುವುದು ಆ ಕಡಿದಾದ ಬಂಡೆಗಳಲ್ಲೇ. ಜನರ ಸದ್ದಿಗೆ ಗೂಡು ಬಿಟ್ಟರೆ ಆ ವರ್ಷದ ಮರಿ ಹೋದ ಹಾಗೆ. ದಯವಿಟ್ಟು ಬೇಡ. ಮೆಟ್ಟಿಲ ಮೇಲಿಂದ ಕಾಣುವ ಫ್ರೇಮ್‌ಗಳನ್ನೇ ಆರಿಸಿಕೊಳ್ಳಿ. ಶ್ರಾವಣದ ಶನಿವಾರಗಳನ್ನು ಬಿಡಿ, ಭಕ್ತರ ಸಂದಣಿ ಇರುತ್ತದೆ.

ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಾಣುವುದು ಶಿವಮೊಗ್ಗ–ತಾಳಗುಪ್ಪ ದಾರಿಯ ಅರಸಾಳು. ಹಳೇ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಇಲ್ಲಿ ಜನ ಮಾಡುವ ತಪ್ಪು ಒಂದೇ: ಚಿತ್ರದಲ್ಲಿ ಕ್ಯಾಮೆರಾ ಹಳಿಯ ಕಡೆಯಿಂದ ನೋಡುತ್ತದೆ ಎಂದು ಹಳಿಗೆ ಇಳಿಯುತ್ತಾರೆ. ಅದು ಅಪರಾಧ, ಅಪಾಯ ಕೂಡ. ಅಷ್ಟೇ ಅಲ್ಲ, ಇಳಿದರೂ ಫ್ರೇಮ್ ಕೂಡುವುದಿಲ್ಲ. ಆಗ ಅಲ್ಲಿದ್ದದ್ದು ಮೀಟರ್‌ಗೇಜ್, ಈಗ ಇರುವುದು ಬ್ರಾಡ್‌ಗೇಜ್. ಹಳಿಯನ್ನು ಲೆಕ್ಕಕ್ಕೆ ಹಿಡಿದರೆ ಅಳತೆಯೆಲ್ಲ ತಪ್ಪುತ್ತದೆ. ಕಟ್ಟಡದ ಕಂಬ, ಕಿಟಕಿ, ಮಾಡಿನ ಅಂಚು ಹಿಡಿಯಿರಿ.

ಮಾಲ್ಗುಡಿ ಡೇಸ್‌ನಲ್ಲಿ ಕಾಣುವ ಆಗುಂಬೆಯ ದೊಡ್ಡ ಮನೆ ಜನ ವಾಸ ಮಾಡುವ ಮನೆ. ಅದನ್ನು ಮ್ಯೂಸಿಯಂ ಎಂದುಕೊಂಡು ನುಗ್ಗಬೇಡಿ. ಚಪ್ಪಲಿ ಹೊರಗೆ ಬಿಟ್ಟು, ಜಗಲಿಯ ಕೆಳಗೇ ನಿಂತು "ಅಮ್ಮಾ, ನೋಡಿಕೊಂಡು ಹೋಗಬಹುದಾ?" ಎಂದು ಕೇಳಿ. ಊಟದ ಹೊತ್ತಿಗೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಬೇಡಿ. ಬೇಡ ಎಂದರೆ ಬೀದಿಯಿಂದಲೇ ನೋಡಿ ಬನ್ನಿ. ಅಡುಗೆಮನೆ, ದೇವರಕೋಣೆ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಹಂತ 8: ಚೀಲದಲ್ಲಿ ಏನಿರಬೇಕು

ಎಲ್ಲಕ್ಕಿಂತ ಮೊದಲು, ಫ್ರೇಮ್‌ಗಳ ಪ್ರಿಂಟ್. ಎ4 ಕಾಗದದಲ್ಲಿ ಒಂದು ಹಾಳೆಗೆ ಒಂದೇ ಚಿತ್ರ. ಬಿಸಿಲಲ್ಲಿ ಫೋನಿನ ಪರದೆ ಕಾಣುವುದಿಲ್ಲ, ಮತ್ತೆ ಅದೇ ಫೋನಿನಲ್ಲಿ ಫೋಟೋ ಕೂಡ ತೆಗೆಯಬೇಕು. ಪ್ರತಿ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಮೂರು ಗುರುತು ಮಾಡಿ: ದೂರದ್ದು ಒಂದು, ನಡುವಿನದು ಒಂದು, ಹತ್ತಿರದ್ದು ಒಂದು. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ.

ಜೊತೆಗೆ ಎರಡು ಲೀಟರ್ ನೀರು, ಟೋಪಿ, ಹಿಡಿತ ಇರುವ ಶೂ, ಪವರ್‌ಬ್ಯಾಂಕ್, ಚಿಲ್ಲರೆ ದುಡ್ಡು. ಕೋಟೆಗೆ ಹೋಗುವಾಗ ತಿಂಡಿಯನ್ನು ಕೈಯಲ್ಲಿ ಹಿಡಿಯಬೇಡಿ, ಕೋತಿಗಳು ಬಿಡುವುದಿಲ್ಲ. ಮಳೆಗಾಲದಲ್ಲಿ ಆಗುಂಬೆಗೆ ಹೋದರೆ ಇಂಬಳ (ಜಿಗಣೆ) ಹತ್ತುತ್ತವೆ. ಉಪ್ಪಿನ ಸಣ್ಣ ಪೊಟ್ಟಣ ಇಟ್ಟುಕೊಳ್ಳಿ.

ಹಂತ 9: ಜಾಗದಲ್ಲಿ ನಿಂತು ಫ್ರೇಮ್ ಕೂಡಿಸುವುದು

ಇದೇ ಮುಖ್ಯ ಕೆಲಸ. ನಿಧಾನವಾಗಿ ಓದಿ. ಹೊರಡುವ ಮೊದಲು ಮನೆಯ ಅಂಗಳದಲ್ಲಿ ಒಮ್ಮೆ ಮಾಡಿ ನೋಡಿದರೆ ಇನ್ನೂ ಒಳ್ಳೆಯದು. ಹತ್ತಿರ ಒಂದು ಬಕೆಟ್, ದೂರದಲ್ಲಿ ಒಂದು ತೆಂಗಿನಮರ ಇದ್ದರೆ ಸಾಕು.

ಮೊದಲು ದೂರದ್ದನ್ನು ಹಿಡಿಯಿರಿ. ಐವತ್ತು ವರ್ಷದಲ್ಲಿ ಮರ ಬೆಳೆದಿದೆ, ಕಡಿದಿದ್ದಾರೆ, ಗೋಡೆ ರಿಪೇರಿ ಆಗಿದೆ, ಕಬ್ಬಿಣದ ಕಂಬಿ ಹಾಕಿದ್ದಾರೆ. ಬೆಟ್ಟದ ಅಂಚು ಬದಲಾಗಿಲ್ಲ. ಆ ಅಂಚು ಚಿತ್ರದಲ್ಲಿ ಇರುವ ಹಾಗೇ ಕಾಣುವ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ಮರದಿಂದ ಶುರು ಮಾಡಿದವರು ಗೆದ್ದದ್ದನ್ನು ನಾನು ನೋಡಿಲ್ಲ.

ಈಗ ಹತ್ತಿರದ ಗುರುತು ನೋಡಿ. ಒಂದು ಬಂಡೆ ಎನ್ನಿ. ಚಿತ್ರದಲ್ಲಿ ಆ ಬಂಡೆ ದೂರದ ಬೆಟ್ಟದ ಯಾವ ಭಾಗವನ್ನು ಮುಚ್ಚಿದೆ? ನಿಮ್ಮ ಕಣ್ಣಿಗೆ ಈಗ ಯಾವ ಭಾಗವನ್ನು ಮುಚ್ಚಿದೆ? ಬಂಡೆ ಚಿತ್ರದಲ್ಲಿ ಇರುವುದಕ್ಕಿಂತ ಎಡಕ್ಕೆ ಸರಿದ ಹಾಗೆ ಕಂಡರೆ ನೀವೂ ಎಡಕ್ಕೆ ಸರಿಯಿರಿ. ಬಲಕ್ಕೆ ಕಂಡರೆ ಬಲಕ್ಕೆ. ಬಂಡೆಯ ತಲೆ ಬೆಟ್ಟಕ್ಕಿಂತ ತೀರಾ ಕೆಳಗೆ ಕಂಡರೆ ನೀವು ಎತ್ತರದಲ್ಲಿದ್ದೀರಿ, ಕೆಳಗೆ ಇಳಿಯಿರಿ ಅಥವಾ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಬಂಡೆ ಎತ್ತ ಹೋಗಿದೆಯೋ ನೀವೂ ಅತ್ತ ಹೋಗಬೇಕು, ಅಷ್ಟೇ ಸೂತ್ರ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಮೊದಲ ಸಲ ಎಲ್ಲರೂ ಇದಕ್ಕೆ ವಿರುದ್ಧವಾಗಿಯೇ ನಡೆಯುತ್ತಾರೆ.

ಆಮೇಲೆ ಹಿಂದೆ-ಮುಂದೆ. ಚಿತ್ರದಲ್ಲಿ ಬಂಡೆ ಬೆಟ್ಟದ ಅರ್ಧ ಅಗಲ ಇದೆ, ನಿಮಗೆ ಕಾಲು ಅಗಲ ಕಾಣುತ್ತಿದೆ ಎಂದರೆ ಬಂಡೆಯ ಹತ್ತಿರ ಹೋಗಬೇಕು. ಇಲ್ಲಿ ಫೋನಿನ ಜೂಮ್ ಎಳೆಯಬೇಡಿ. ಜೂಮ್ ಮಾಡಿದರೆ ಬಂಡೆ, ಬೆಟ್ಟ ಎರಡೂ ಒಟ್ಟಿಗೆ ದೊಡ್ಡದಾಗುತ್ತವೆ, ಅವುಗಳ ನಡುವಿನ ಲೆಕ್ಕ ಬದಲಾಗುವುದಿಲ್ಲ. ಆ ಲೆಕ್ಕ ಬದಲಾಗುವುದು ಕಾಲಿನಿಂದ ಮಾತ್ರ. ಮೊದಲು ನಡೆದು ಲೆಕ್ಕ ಸರಿ ಮಾಡಿ. ಎಲ್ಲ ಕೂಡಿದ ಮೇಲೆ, ಚಿತ್ರದ ಅಂಚುಗಳು ಹೊಂದುವಷ್ಟು ಜೂಮ್ ಮಾಡಿ. ಫೋನಿನ ಸಾಮಾನ್ಯ ಲೆನ್ಸ್ ಸಿನಿಮಾ ಲೆನ್ಸ್‌ಗಿಂತ ತುಂಬಾ ಅಗಲ ನೋಡುತ್ತದೆ. ಹಾಗಾಗಿ ಬಹಳ ಸಲ ಎರಡು ಪಟ್ಟಿನ ಆಸುಪಾಸಿನಲ್ಲಿ ಬಂದು ಕೂಡುತ್ತದೆ.

ಕೊನೆಗೆ ನಡುವಿನ ಗುರುತು. ದೂರದ್ದು, ಹತ್ತಿರದ್ದು ಎರಡೂ ಕೂಡಿ ನಡುವಿನದು ಕೂಡದಿದ್ದರೆ ಜಾಗ ತಪ್ಪು. ಎರಡು ಗುರುತು ಎಲ್ಲಿ ಬೇಕಾದರೂ ಆಕಸ್ಮಿಕವಾಗಿ ಕೂಡಬಹುದು. ಮೂರೂ ಕೂಡುವುದು ಒಂದೇ ಕಡೆ.

ಆ ದಿನ ತಪ್ಪಿದ ತಿರುವಿಗೆ ಮುಂದಿನ ಸಲ ಹೋದಾಗ ಹೀಗೇ ಮಾಡಿದೆ. ಬುರುಜು ಹಿಡಿದೆ, ಎರಡು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಹಿಂದಕ್ಕೆ. ಹಾಳೆಯನ್ನು ಕಣ್ಣ ಮುಂದೆ ಹಿಡಿದು ನಿಧಾನವಾಗಿ ಕೆಳಗಿಳಿಸಿದೆ. ಹಾಳೆಯ ಮೇಲಿನ ಬಂಡೆಯ ಗೆರೆ ಹೋಗಿ ನಿಜವಾದ ಬಂಡೆಯ ಗೆರೆಯಲ್ಲಿ ಕೂತುಬಿಟ್ಟಿತು. ಬಂಡೆಯ ನಡುವೆ ಉಗುರಿನಲ್ಲಿ ಗೀರಿದ ಹಾಗೆ ಓರೆಯಾಗಿ ಒಂದು ಬಿರುಕಿದೆ. ಚಿತ್ರದಲ್ಲೂ ಇದೆ, ಎದುರಿಗೂ ಇದೆ. ಕೈ ನಡುಗಿ ಮೊದಲ ಫೋಟೋ ಮಸುಕಾಯಿತು.

ಎಷ್ಟು ಮಾಡಿದರೂ ಎತ್ತರ ಮಾತ್ರ ಕೂಡುತ್ತಿಲ್ಲ ಎಂದರೆ ಕ್ಯಾಮೆರಾ ಕ್ರೇನ್ ಮೇಲಿತ್ತು ಎಂದು ತಿಳಿಯಿರಿ. ಅದನ್ನು ಕೂಡಿಸಲು ಬುರುಜಿನ ಗೋಡೆ ಹತ್ತಬೇಡಿ. ಎಡ-ಬಲ, ಹಿಂದೆ-ಮುಂದೆ ಕೂಡಿದರೆ ಸಾಕು, ಜಾಗ ಅದೇ.

ಹಂತ 10: ಊರಿನವರನ್ನು ಕೇಳುವ ಬಗೆ

"ಅಜ್ಜಾ, ಈ ಸಿನಿಮಾ ಶೂಟಿಂಗ್ ಇಲ್ಲೇ ಆಗಿದ್ದಂತೆ, ಹೌದಾ?" ಎಂದು ಕೇಳಿದರೆ ಹೌದು ಎಂದೇ ಉತ್ತರ ಬರುತ್ತದೆ. ದೂರದಿಂದ ಬಂದವರಿಗೆ ಇಲ್ಲ ಎನ್ನಲು ನಮ್ಮ ಹಿರಿಯರಿಗೆ ಮನಸ್ಸು ಬರುವುದಿಲ್ಲ. ಪ್ರಶ್ನೆಯೊಳಗೇ ಉತ್ತರ ಇಡಬೇಡಿ. ಸಿನಿಮಾ ಹೆಸರು ಹೇಳದೆ ಪ್ರಿಂಟ್ ಕೈಗೆ ಕೊಡಿ. "ಇದು ಯಾವ ಜಾಗ ಅಂತ ಗೊತ್ತಾಗುತ್ತಾ ನೋಡಿ ಅಜ್ಜಾ" ಎನ್ನಿ. ಅವರು ಮುಖ ನೋಡದೆ ಹಿಂದಿನ ಕಲ್ಲು, ಕಟ್ಟೆ, ಬಾವಿ ನೋಡಿ ಮಾತಾಡಿದರೆ ಅದು ಗಟ್ಟಿ ಸಾಕ್ಷಿ. "ಆ ಬೇವಿನಮರ ಈಗಿಲ್ಲ, ಮಳೆಗೆ ಬಿತ್ತು" ಎಂಬಂಥ ಮಾತು ಬಂದರೆ ಕೂಡಲೇ ಬರೆದುಕೊಳ್ಳಿ. ಅದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಯಾವ ಹಾಡು ಕೇಳಿದರೂ ಹತ್ತಿರದ ಒಂದೇ ಕಲ್ಲು ತೋರಿಸುವವರೂ ಸಿಗುತ್ತಾರೆ. ಅವರಿಗೆ ಬೇರೆ ಯಾವುದೋ ಸಿನಿಮಾದ ಫ್ರೇಮ್ ಒಂದನ್ನು ತೋರಿಸಿ ನೋಡಿ. ಅದಕ್ಕೂ ಅದೇ ಕಲ್ಲು ತೋರಿಸಿದರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಹಂತ 11: ಇವು ಕಂಡರೆ ಅಲ್ಲೇ ನಿಲ್ಲಿಸಿ

ಬಂಡೆಯ ಮೇಲೆ ಕಪ್ಪು ಪಟ್ಟೆ ಇದ್ದರೆ ಅದು ನೀರು ಹರಿಯುವ ದಾರಿ. ಒಣಗಿದಾಗ ನಡೆಯಬಹುದು, ಒಂದು ಹನಿ ಮಳೆ ಬಿದ್ದರೂ ಪಾಚಿಯ ಮೇಲೆ ಕಾಲು ನಿಲ್ಲುವುದಿಲ್ಲ. ಮೋಡ ಕಟ್ಟಿದರೆ ಎತ್ತರದಿಂದ ಇಳಿದುಬಿಡಿ. ಬಂಡೆಯ ಸೂರಿನಲ್ಲಿ ಹೆಜ್ಜೇನು ಕಂಡರೆ ಜೋರಾಗಿ ಮಾತಾಡದೆ ಬಂದ ದಾರಿಯಲ್ಲೇ ವಾಪಸಾಗಿ.

ಫೋನ್ ಪರದೆ ನೋಡುತ್ತಾ ಹಿಂದಕ್ಕೆ ನಡೆಯುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಹಂತ 9ರಲ್ಲಿ ಹೇಳಿದ "ಒಂದು ಹೆಜ್ಜೆ ಹಿಂದಕ್ಕೆ" ಎಂದರೆ ಮೊದಲು ತಿರುಗಿ ನೋಡಿ, ಆಮೇಲೆ ಹೆಜ್ಜೆ. ಜೋಗದ ಅಂಚಿನಲ್ಲಿ, ಕೋಟೆಯ ಬತೇರಿಗಳ ಮೇಲೆ ಒಬ್ಬರೇ ಈ ಕೆಲಸ ಮಾಡಬೇಡಿ. ಒಬ್ಬರು ಫ್ರೇಮ್ ನೋಡಲಿ, ಇನ್ನೊಬ್ಬರು ಅವರ ಕಾಲು ನೋಡಲಿ.

ಹಂತ 12: ಸಿಕ್ಕಿದ್ದನ್ನು ದಾಖಲು ಮಾಡಿ

ಸಿಕ್ಕಿದ ಖುಷಿಯಲ್ಲಿ ಸೆಲ್ಫಿ ತೆಗೆದು ಇಳಿದುಬರುತ್ತಾರೆ. ಮನೆಗೆ ಬಂದು ನೋಡಿದರೆ ಚಿತ್ರದ ಜೊತೆ ಹೋಲಿಸಲು ಒಂದೂ ಫೋಟೋ ಇರುವುದಿಲ್ಲ. ಮೊದಲು ಯಾರೂ ಇಲ್ಲದ ಖಾಲಿ ಫ್ರೇಮ್ ತೆಗೆಯಿರಿ, ಮೂರು ನಾಲ್ಕು. ನಂತರ ಫೋನ್ ಅಲುಗಿಸದೆ, ನಿಮ್ಮವರನ್ನು ಕಲಾವಿದರು ನಿಂತ ಜಾಗದಲ್ಲಿ ನಿಲ್ಲಿಸಿ ಒಂದು. ಆಮೇಲೆ ನೀವು ನಿಂತ ನೆಲದ್ದು ಒಂದು. ಅಲ್ಲೇ ನಕ್ಷೆಯಲ್ಲಿ ಗುರುತು ಹಾಕಿ, ಪ್ರಿಂಟ್‌ನ ಹಿಂದೆ ತಾರೀಖು, ಹೊತ್ತು, ಯಾವ ದಿಕ್ಕಿಗೆ ಮುಖ ಎಂದು ಬರೆಯಿರಿ.

ಕಲ್ಲಿನ ಮೇಲೆ ಸುಣ್ಣದಲ್ಲಿ ಗುರುತು ಹಾಕುವುದು, ಹೆಸರು ಕೆತ್ತುವುದು ಬೇಡ. ಜನ ವಾಸವಿರುವ ಮನೆಯ, ಹದ್ದು ಗೂಡು ಕಟ್ಟುವ ಬಂಡೆಯ ನಿಖರ ಗುರುತನ್ನು ಎಲ್ಲರಿಗೂ ಹಂಚಬೇಡಿ. ಊರಿನ ಹೆಸರು ಹೇಳಿದರೆ ಸಾಕು.

ಇಳಿಯುವ ಮೊದಲು ಇನ್ನೊಂದು ಕೆಲಸವಿದೆ. ಅದೇ ಜಾಗದಲ್ಲಿ ನಿಂತು ಹಿಂದಕ್ಕೆ ತಿರುಗಿ ಒಂದು ಫೋಟೋ ತೆಗೆಯಿರಿ. ಅದು ಕ್ಯಾಮೆರಾದ ಬೆನ್ನ ಹಿಂದೆ ಇದ್ದ ಜಾಗ. ಸಿನಿಮಾದ ಮುಂದಿನ ಶಾಟ್ ಎಷ್ಟೋ ಸಲ ಅದೇ ಕಡೆಗೆ ತಿರುಗಿಸಿ ತೆಗೆದದ್ದಾಗಿರುತ್ತದೆ. ಮನೆಗೆ ಬಂದು ಹೋಲಿಸಿದರೆ, ನಿಮ್ಮ ಎರಡನೇ ಫ್ರೇಮ್ ಆಗಲೇ ಕೈಯಲ್ಲಿರಬಹುದು.